ಆಸ್ಕಟ್‌ನಲ್ಲಿ ಸ್ಪ್ರಿಂಟರ್ ಸಾಕ್ರೆ: ಒಂದು ರೇಸ್ ವಿಡಿಯೊದ ವಿಮರ್ಶೆ

2015ರ ಜನವರಿ 17ರಂದು ಇಂಗ್ಲೆಂಡಿನ ಆಸ್ಕಟ್‌ನಲ್ಲಿ ನಡೆದ ಕ್ಲಾರೆನ್ಸ್ ಹೌಸ್ ಚೇಸ್ ಎಂಬ ಕುದುರೆ ಪಂದ್ಯದ ವಿಡಿಯೊ ಸುಮಾರು ನಾಲ್ಕು ನಿಮಿಷಗಳದ್ದು. ಹಳೆಯ ರೇಸುಗಳನ್ನು ಒದಗಿಸುವ ಅಂತರ್ಜಾಲ ಸೇವೆಯೊಂದರಲ್ಲಿ ಅದನ್ನು ನೋಡಿದೆ. ಬೇಲಿಗಳನ್ನು ಹಾರುತ್ತ ಎರಡು ಮೈಲಿಗೂ ಹೆಚ್ಚು ದೂರ ಓಡುವ ಈ ಬಗೆಯ ರೇಸು, ಬೆಂಗಳೂರಿನ ಸಮತಟ್ಟು ಓಟಗಳಿಗೆ ಒಗ್ಗಿದ ಕಣ್ಣಿಗೆ ಹೊಸದೆನಿಸಬಹುದು. ಆದರೂ ಇದು ಖಂಡಿತ ನೋಡಬೇಕಾದ ಪಂದ್ಯ.

ನಿಕಿ ಹೆಂಡರ್ಸನ್ ತರಬೇತಿಯ ಸ್ಪ್ರಿಂಟರ್ ಸಾಕ್ರೆ ಎಂಬ ಕುದುರೆ 2013ರ ಮಾರ್ಚ್‌ನಲ್ಲಿ ಚೆಲ್ಟನ್‌ಹ್ಯಾಮ್‌ನ ಚಾಂಪಿಯನ್ ಚೇಸ್ ಪಂದ್ಯವನ್ನು 19 ಲೆಂಗ್ತ್‌ಗಳಿಂದ ಗೆದ್ದಿತ್ತು (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯ ದೇಹದಷ್ಟು ಉದ್ದ). ಅದೇ ವರ್ಷದ ಡಿಸೆಂಬರ್‌ನಲ್ಲಿ, ಕೆಂಪ್ಟನ್‌ನಲ್ಲಿ ಅದರ ಹೃದಯದ ಬಡಿತ ತಾಳ ತಪ್ಪಿದ್ದರಿಂದ ಜಾಕಿ ಬ್ಯಾರಿ ಜೆರಾಟಿ ಓಟವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅಲ್ಲಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಕಣದಿಂದ ದೂರವಿದ್ದ ಕುದುರೆ ಮರಳಿ ಓಡಿದ್ದು ಆಸ್ಕಟ್‌ನಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ.

ವಿಡಿಯೊದ ಬಹುಭಾಗದಲ್ಲಿ ನಿರಾಶೆಯ ಸುಳಿವೇ ಇಲ್ಲ. ಕುದುರೆ ಸಲೀಸಾಗಿ ಹಾರುತ್ತದೆ, ಕೊನೆಯ ಬೇಲಿಗಳು ಹತ್ತಿರವಾಗುವವರೆಗೂ ಗೆಲುವಿನ ಆಸೆಯನ್ನು ಉಳಿಸಿಕೊಳ್ಳುತ್ತದೆ; ಆಮೇಲೆ ಹಿಂದೆಂದೂ ಕಾಣದ ಆಯಾಸ ಕಾಣಿಸುತ್ತದೆ, ಎದುರಾಳಿ ಕುದುರೆ ಡಾಡ್ಜಿಂಗ್ ಬುಲೆಟ್ಸ್ ಮೂರು ಲೆಂಗ್ತ್‌ಗಳಿಂದ ಗೆಲ್ಲುತ್ತದೆ. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯ ನಿಮಿಷಕ್ಕೆ ಸುಮಾರು 30ರಿಂದ 40 ಸಲ ಬಡಿದರೆ, ಪೂರ್ಣ ವೇಗದ ಓಟದಲ್ಲಿ ಆ ಸಂಖ್ಯೆ 200ನ್ನು ದಾಟುತ್ತದೆ. ಹೀಗಾಗಿ ಲಾಯದಲ್ಲಿ ಎಷ್ಟೇ ಆರೋಗ್ಯವಾಗಿ ಕಂಡರೂ, ತರಬೇತಿಯ ಓಟ ಎಷ್ಟೇ ಚೆನ್ನಾಗಿದ್ದರೂ, ನಿಜವಾದ ಪರೀಕ್ಷೆ ಪಂದ್ಯದ ಕೊನೆಯ ಹಂತದಲ್ಲೇ ಆಗಬೇಕು. ಇದನ್ನು ಬರಿಯ ಸೋಲೆಂದು ಬರೆದವರ ತೀರ್ಪು ನನಗೆ ಕಠೋರವೆನಿಸುತ್ತದೆ. ಅಷ್ಟು ದೀರ್ಘ ಬಿಡುವಿನ ನಂತರ ಉನ್ನತ ದರ್ಜೆಯ ಪಂದ್ಯದಲ್ಲಿ ಎರಡನೆಯ ಸ್ಥಾನ ಪಡೆಯುವುದು ಸಣ್ಣ ಮಾತಲ್ಲ. ಆದರೆ 2013ರ ಆ ಪ್ರಾಣಿಯನ್ನು ಕಂಡವರಿಗೆ ನೋವಾದದ್ದೂ ಸಹಜವೇ.

ಸೇವೆಯ ಬಗ್ಗೆ ನನ್ನ ಆಕ್ಷೇಪವಿರುವುದು ಇಲ್ಲೇ. ವಿಡಿಯೊ ಗುರಿಗೆರೆಯಲ್ಲಿ ಮುಗಿದುಬಿಡುತ್ತದೆ. ಓಟಕ್ಕೆ ಮುನ್ನ ಕುದುರೆಯನ್ನು ನಡೆಸುವ ಅಂಗಳದ ದೃಶ್ಯವಿಲ್ಲ, ಕುದುರೆ ಉಸಿರು ಸುಧಾರಿಸಿಕೊಳ್ಳುವುದನ್ನು ತೋರಿಸಿಲ್ಲ, ಪಂದ್ಯದ ನಂತರದ ತಪಾಸಣೆಯಲ್ಲಿ ಅಲ್ಪ ರಕ್ತಸ್ರಾವ ಕಂಡುಬಂದಿತ್ತೆಂಬ ವರದಿಯ ಒಂದು ಸಾಲಿನ ಉಲ್ಲೇಖವೂ ಇಲ್ಲ. ಕಾಯಿಲೆಯಿಂದ ಮರಳಿದ ಕುದುರೆಯ ವಿಷಯದಲ್ಲಿ ಇವು ಫಲಿತಾಂಶದಷ್ಟೇ ಮುಖ್ಯ.

2013ರ ಚೆಲ್ಟನ್‌ಹ್ಯಾಮ್ ಗೆಲುವನ್ನು ಮೊದಲು ನೋಡಿ, ಬಳಿಕ ಇದನ್ನು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. 2015ರ ಮಾರ್ಚ್‌ನ ಚಾಂಪಿಯನ್ ಚೇಸ್‌ನಲ್ಲಿ ಕುದುರೆಯನ್ನು ಮತ್ತೆ ಓಟದ ನಡುವೆ ನಿಲ್ಲಿಸಲಾಯಿತು. ಆದರೆ ನವೆಂಬರ್‌ನಲ್ಲಿ ಅದೇ ಚೆಲ್ಟನ್‌ಹ್ಯಾಮ್‌ನಲ್ಲಿ 14 ಲೆಂಗ್ತ್‌ಗಳ ಗೆಲುವು, 2016ರ ಮಾರ್ಚ್‌ನಲ್ಲಿ ಮತ್ತೊಮ್ಮೆ ಚಾಂಪಿಯನ್ ಚೇಸ್. ಈ ಎರಡು ಗೆಲುವುಗಳನ್ನು ಮೊದಲೇ ನೋಡಬೇಡಿ. ನೋಡಿದರೆ ಆಸ್ಕಟ್‌ನ ಕೊನೆಯ ಫರ್ಲಾಂಗಿನ ತಲ್ಲಣ ನಿಮ್ಮ ಪಾಲಿಗೆ ಉಳಿಯುವುದಿಲ್ಲ.