ಚಿತ್ರಕಥೆ ಮಾರುವುದನ್ನು ಕಲಿಸುವ ಆನ್‌ಲೈನ್ ಕೋರ್ಸ್: ಆಪ್ಷನ್ ಪಾಠಕ್ಕಾಗಿ ತಗೊಳ್ಳಿ, ಇಮೇಲ್ ಪಟ್ಟಿಗಾಗಿ ಬೇಡ

ಚಿತ್ರಕಥೆ ಬರೆಯುವುದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಬರೆದಾದ ಮೇಲೆ ಅದನ್ನು ಯಾರಿಗೆ ತೋರಿಸಬೇಕು, ದುಡ್ಡಿನ ಮಾತು ಹೇಗೆ ಆಡಬೇಕು ಅಂತ ಹೇಳಿಕೊಡುವವರು ತೀರಾ ಕಡಿಮೆ. ಅದಕ್ಕೇ ಈ ಕೋರ್ಸಿಗೆ ಸೇರಿದೆ. ಹೆಸರು ಹೇಳುವುದಿಲ್ಲ, ಕೆಳಗೆ ಒಂದೆರಡು ಕಡೆ ಬೈದಿದ್ದೇನೆ. ಈ ಬಗೆಯ ಕೋರ್ಸುಗಳ ಸಿಲಬಸ್ ಹೆಚ್ಚೂಕಡಿಮೆ ಒಂದೇ ಥರ ಇರುವುದರಿಂದ, ಬೇರೆ ಯಾವುದನ್ನಾದರೂ ನೋಡುತ್ತಿರುವವರಿಗೂ ಇದು ಉಪಯೋಗಕ್ಕೆ ಬರಬಹುದು.

ಶುರುವಿನ ಪಾಠಗಳು ಸಪ್ಪೆ. ಕೊರಿಯರ್ ಫಾಂಟ್, 12 ಪಾಯಿಂಟ್, ಒಂದು ಪುಟಕ್ಕೆ ಸುಮಾರು ಒಂದು ನಿಮಿಷ, ಒಟ್ಟು 90ರಿಂದ 120 ಪುಟ. ಸ್ಕ್ರಿಪ್ಟ್ ಮುಗಿಸಿ ಮಾರಲು ಹೊರಟವರಿಗೆ ಇದನ್ನೆಲ್ಲ ಯಾಕೆ ಹೇಳಬೇಕು? ಸುಮ್ನೆ ಓಡಿಸಿಬಿಡಿ.

ಲಾಗ್‌ಲೈನ್, ಅಂದರೆ ಇಡೀ ಕಥೆಯನ್ನು ಒಂದೆರಡು ಸಾಲಲ್ಲಿ ಹೇಳುವುದು, ಅದರ ಪಾಠದಿಂದ ಕೋರ್ಸಿಗೆ ಜೀವ ಬರುತ್ತದೆ. ಲೈವ್ ಕ್ಲಾಸಿನಲ್ಲಿ ಒಬ್ಬರು "ಇಬ್ಬರು ಅಣ್ಣತಮ್ಮಂದಿರ ಪ್ರೀತಿ, ದ್ವೇಷ, ಕ್ಷಮೆಯ ಕಥೆ" ಅಂತ ಓದಿದರು. ಮೇಷ್ಟ್ರು ಮುಖ ಗಂಟಿಕ್ಕಲಿಲ್ಲ, ಪ್ರಶ್ನೆ ಕೇಳುತ್ತಾ ಹೋದರು. ಅಣ್ಣ ಏನು ಕೆಲಸ ಮಾಡುತ್ತಾನೆ? ಈಗಲೇ ಯಾಕೆ ನಡೆಯಬೇಕು? ಮಾಡದಿದ್ದರೆ ಏನು ಕಳೆದುಕೊಳ್ಳುತ್ತಾನೆ? ಹತ್ತು ನಿಮಿಷದಲ್ಲಿ ಅದೇ ಕಥೆ ಹೀಗಾಯಿತು: "ನಿವೃತ್ತಿಗೆ ಒಂದು ವಾರ ಇರುವ ಜೈಲು ಕಾವಲುಗಾರನಿಗೆ, ಗಲ್ಲಿಗೇರಲಿರುವ ಹೊಸ ಕೈದಿ 20 ವರ್ಷದಿಂದ ಮಾತು ಬಿಟ್ಟ ತನ್ನ ತಮ್ಮ ಅಂತ ಗೊತ್ತಾಗುತ್ತದೆ, ಅವನನ್ನು ಹೊರಗೆ ಸಾಗಿಸಲು ಹೋದರೆ ತಾನೇ ಒಳಗೆ ಬೀಳಬೇಕು." ಸ್ಕ್ರಿಪ್ಟಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಆದರೆ ಮೊದಲನೆಯದನ್ನು ಕೇಳಿದರೆ ಯಾರೂ ಪುಟ ತೆರೆಯಲ್ಲ, ಎರಡನೆಯದಕ್ಕೆ "ಆಮೇಲೆ?" ಅಂತಾರೆ, ಅಲ್ವಾ?

ಇದು ಯಾಕೆ ಮುಖ್ಯ ಅನ್ನುವುದನ್ನೂ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ದೊಡ್ಡ ಕಂಪನಿಗಳಲ್ಲಿ ನಿಮ್ಮ ಸ್ಕ್ರಿಪ್ಟನ್ನು ಮೊದಲು ಓದುವುದು ನಿರ್ಮಾಪಕರಲ್ಲ, ಓದುವುದಕ್ಕೇ ಇಟ್ಟುಕೊಂಡ ರೀಡರ್. ಅವರು ಕಥೆಯ ಸಾರ, ತಮ್ಮ ಅಭಿಪ್ರಾಯ, ಕೊನೆಗೆ ಬೇಡ, ನೋಡಬಹುದು, ತಗೊಳ್ಳಿ ಈ ಮೂರರಲ್ಲಿ ಒಂದನ್ನು ಬರೆದು ಮೇಲಕ್ಕೆ ಕಳಿಸುತ್ತಾರೆ. ಇದಕ್ಕೆ ಕವರೇಜ್ ಅಂತಾರೆ. ಮೇಷ್ಟ್ರು ಹಿಂದೆ ಇದೇ ಕೆಲಸ ಮಾಡಿದವರು, ಹಾಗಾಗಿ ಮಾದರಿ ಕವರೇಜ್ ಒಂದನ್ನು ಸಾಲು ಸಾಲಾಗಿ ತೋರಿಸುತ್ತಾರೆ. ಪರಿಚಯ ಇಲ್ಲದವರಿಗೆ ಮೊದಲ ಇಮೇಲಿನಲ್ಲೇ ಇಡೀ ಸ್ಕ್ರಿಪ್ಟ್ ಅಂಟಿಸಿ ಕಳಿಸಬೇಡಿ ಅನ್ನುವ ಮಾತಿಗೂ ಕಾರಣ ಕೊಡುತ್ತಾರೆ: ನಾಳೆ "ನನ್ನ ಕಥೆ ಕದ್ದರು" ಅಂತ ಕೇಸ್ ಬಿದ್ದೀತು ಅನ್ನುವ ಭಯಕ್ಕೆ ಎಷ್ಟೋ ಕಂಪನಿಗಳು ಕೇಳದೆ ಬಂದದ್ದನ್ನು ತೆರೆಯುವುದೇ ಇಲ್ಲ, ಓದಲು ಒಪ್ಪಿದರೂ ಮೊದಲು ಅಂಥ ಕೇಸ್ ಹಾಕುವುದಿಲ್ಲ ಅಂತ ಬರೆದುಕೊಡುವ ರಿಲೀಸ್ ಫಾರಂಗೆ ಸಹಿ ಕೇಳುತ್ತವೆ.

ಕೋರ್ಸಿನ ಅಸಲಿ ಬೆಲೆ ಇರುವುದು ಆಪ್ಷನ್ ಒಪ್ಪಂದದ ಪಾಠದಲ್ಲಿ. ಹೆಚ್ಚಿನ ಸಲ ನಿರ್ಮಾಪಕರು ಸ್ಕ್ರಿಪ್ಟನ್ನು ನೇರ ಕೊಳ್ಳುವುದಿಲ್ಲ. ಇಂತಿಷ್ಟು ಕಾಲ, ಸಾಮಾನ್ಯವಾಗಿ 12 ಅಥವಾ 18 ತಿಂಗಳು, ಕೊಳ್ಳುವ ಹಕ್ಕು ನಮಗೊಬ್ಬರಿಗೇ ಇರಲಿ ಅಂತ ಸ್ವಲ್ಪ ದುಡ್ಡು ಕೊಟ್ಟು ಹಿಡಿದಿಡುತ್ತಾರೆ. ವಾಡಿಕೆಯ ಲೆಕ್ಕ ಪೂರ್ತಿ ಬೆಲೆಯ 10 ಶೇಕಡಾ. ಹೊಸಬರಿಗೆ ಅದಕ್ಕಿಂತ ತುಂಬಾ ಕಡಿಮೆ, ಕೆಲವು ಸಲ ಬರೀ ಹೆಸರಿಗೆ. ಆ ಅವಧಿಯಲ್ಲಿ ನೀವು ಬೇರೆಯವರಿಗೆ ಮಾರುವಂತಿಲ್ಲ. ಅವಧಿ ಮುಗಿದರೂ ಅವರು ಕೊಳ್ಳದಿದ್ದರೆ ಹಕ್ಕು ನಿಮಗೇ ವಾಪಸ್, ಬಂದ ದುಡ್ಡೂ ನಿಮ್ಮದೇ. ಇಷ್ಟು ಎಲ್ಲರೂ ಹೇಳುತ್ತಾರೆ. ಇವರು ಅದರ ಒಳಗಿನ ಸಣ್ಣ ಸಣ್ಣ ಮಾತುಗಳಿಗೆ ಬೆರಳಿಡುತ್ತಾರೆ. ಅವಧಿ ತಾನಾಗಿಯೇ ಮುಂದುವರಿಯುತ್ತದಾ, ಇಲ್ಲಾ ಮತ್ತೆ ದುಡ್ಡು ಕೊಟ್ಟರೆ ಮಾತ್ರವಾ? ಮುಂಗಡ ಕೊಟ್ಟದ್ದನ್ನು ಕೊನೆಯ ಬೆಲೆಯಲ್ಲಿ ಮುರಿದುಕೊಳ್ಳುತ್ತಾರಾ? ತಿದ್ದಿ ಬರೆಯುವ ಮೊದಲ ಅವಕಾಶ ನಿಮಗೇ ಸಿಗುತ್ತದಾ? ಪೂರ್ತಿ ದುಡ್ಡು ಶೂಟಿಂಗ್ ಶುರುವಾಗುವ ಹೊತ್ತಿಗಾದರೂ ಕೈಗೆ ಬರುತ್ತದಾ? ದುಡ್ಡಿಲ್ಲದೆ ಆಪ್ಷನ್ ಕೊಡಲೇಬಾರದು ಅಂತ ಹಟ ಮಾಡುವುದಿಲ್ಲ, ಆದರೆ ಕೊಟ್ಟರೆ ಅವಧಿ ಚಿಕ್ಕದಿರಲಿ ಅನ್ನುತ್ತಾರೆ. ನನಗೆ ಇದು ಸರಿ ಅನ್ನಿಸಿತು.

ಕಾಪಿರೈಟ್ ಪಾಠ ಚಿಕ್ಕದು, ಆದರೆ ಸಾಕು. ಬರೀ ಐಡಿಯಾಕ್ಕೆ ರಕ್ಷಣೆ ಇಲ್ಲ, ಬರೆದದ್ದಕ್ಕೆ ಇದೆ. ಅಮೆರಿಕದ ಚಿತ್ರಕಥೆಗಾರರ ಸಂಘ ರೈಟರ್ಸ್ ಗಿಲ್ಡ್ ವೆಸ್ಟಿನಲ್ಲಿ ಮಾಡಿಸುವ ನೋಂದಣಿ 5 ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಅದು ಯಾವ ದಿನ ನಿಮ್ಮ ಹತ್ತಿರ ಏನಿತ್ತು ಅನ್ನುವುದಕ್ಕೆ ಸಾಕ್ಷಿ, ಕಾಪಿರೈಟ್ ನೋಂದಣಿಗೆ ಬದಲಿ ಅಲ್ಲ. ಅಂಚೆ ಮುದ್ರೆಯ ತಾರೀಖೇ ಸಾಕ್ಷಿ ಅಂತ ನಂಬಿ, ತನಗೆ ತಾನೇ ಅಂಚೆಯಲ್ಲಿ ಸ್ಕ್ರಿಪ್ಟ್ ಕಳಿಸಿಕೊಂಡು ಕವರ್ ಒಡೆಯದೆ ಇಡುವವರು ಇನ್ನೂ ಇದ್ದಾರಂತೆ!

ಇನ್ನು ಬೈಗುಳ. ಜಾಹೀರಾತಿನಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿರುವುದು "ನಿರ್ಮಾಪಕರ ಇಮೇಲ್ ಪಟ್ಟಿ ಉಚಿತ". ಆ ಪಟ್ಟಿಗೆ ನಾನು ಕಳಿಸಿದ ಇಮೇಲುಗಳಲ್ಲಿ ಬಹಳಷ್ಟು ಹಾಗೇ ವಾಪಸ್ ಬಂದವು. ಉಳಿದವು ಕಂಪನಿಯ ಸಾಮಾನ್ಯ ಪೆಟ್ಟಿಗೆಗೆ ಹೋಗುವ ವಿಳಾಸಗಳು. ಅದಕ್ಕಿಂತ ತಮಾಷೆ ಅಂದರೆ, ನಿರ್ಮಾಪಕರಿಗೆ ಬರೆಯಲು ಕೋರ್ಸ್ ಕೊಡುವ ಮಾದರಿ ಪತ್ರ ಎಲ್ಲರಿಗೂ ಒಂದೇ, ಪಟ್ಟಿಯೂ ಒಂದೇ. ಒಂದು ಬ್ಯಾಚ್ ಮುಗಿದ ವಾರ ಆ ಪೆಟ್ಟಿಗೆಗಳಿಗೆ ಒಂದೇ ಮೊದಲ ಸಾಲಿನ ಪತ್ರಗಳು ಎಷ್ಟು ಬೀಳುತ್ತವೋ ಯೋಚಿಸಿ. ಪತ್ರವನ್ನು ನಿಮ್ಮ ಮಾತಲ್ಲೇ ಬರೆಯಿರಿ.

ಸ್ಪರ್ಧೆಗಳ ಪಾಠವೂ ಅರೆಬೆಂದದ್ದು. ಆಸ್ಕರ್ ಕೊಡುವ ಅಕಾಡೆಮಿಯ ನಿಕೋಲ್ ಫೆಲೋಶಿಪ್ಪನ್ನೂ, ಪ್ರವೇಶ ಶುಲ್ಕ ತಗೊಂಡು ಸರ್ಟಿಫಿಕೇಟ್ ಹಂಚುವ ಯಾವುದೋ ಸ್ಪರ್ಧೆಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಗೆದ್ದರೆ ಯಾರು ಓದುತ್ತಾರೆ ಅನ್ನುವುದೇ ಮುಖ್ಯ, ಅದರ ಸುದ್ದಿಯೇ ಇಲ್ಲ. ಬ್ಲ್ಯಾಕ್ ಲಿಸ್ಟ್ ಬಗ್ಗೆ ಮಾತ್ರ ಸ್ವಲ್ಪ ವಿವರ ಇದೆ. 2005ರಲ್ಲಿ ಫ್ರಾಂಕ್ಲಿನ್ ಲಿಯೊನಾರ್ಡ್ ಅದನ್ನು ಶುರು ಮಾಡಿದ್ದು ಇನ್ನೂ ಸಿನಿಮಾ ಆಗದ, ಆದರೆ ಓದಿದವರಿಗೆ ಹಿಡಿಸಿದ ಸ್ಕ್ರಿಪ್ಟುಗಳ ಪಟ್ಟಿಯಾಗಿ.

"ಕೆಲವೇ ವಾರದಲ್ಲಿ ಮಾರಿ" ಅನ್ನುವ ಜಾಹೀರಾತನ್ನು ಮೇಷ್ಟ್ರೇ ಪಾಠದ ನಡುವೆ ಒಡೆದುಹಾಕುತ್ತಾರೆ, ಪಾಪ. ಹೆಚ್ಚಿನ ಸ್ಕ್ರಿಪ್ಟುಗಳು ಮಾರಾಟವಾಗುವುದಿಲ್ಲ, ಚೆನ್ನಾಗಿರುವುದು ಕೈಯಿಂದ ಕೈಗೆ ಹೋಗಿ ಬರೆದವರಿಗೆ ಬೇರೆ ಬರವಣಿಗೆಯ ಕೆಲಸ ತಂದುಕೊಡುತ್ತದೆ ಅಂತ ಅವರೇ ಹೇಳಿದರು. ಈ ಮಾತನ್ನು ಜಾಹೀರಾತಿಗೇ ಹಾಕಿದ್ದರೆ ನನಗೆ ಇನ್ನೂ ಜಾಸ್ತಿ ನಂಬಿಕೆ ಬರುತ್ತಿತ್ತು.

ಇನ್ನೂ ಮೊದಲ ಡ್ರಾಫ್ಟಿನಲ್ಲೇ ಇರುವವರಿಗೆ ಈಗ ಬೇಡ. ತಿದ್ದಿ ಮುಗಿಸಿದ ಸ್ಕ್ರಿಪ್ಟ್ ಕೈಯಲ್ಲಿದ್ದರೆ ಸೇರಬಹುದು, ಅದೂ ಲೈವ್ ಕ್ಲಾಸ್ ಇರುವ ಪ್ಲಾನಿಗೆ. ವಿಡಿಯೋ ಮಾತ್ರ ಇರುವ ಅಗ್ಗದ ಪ್ಲಾನಿನಲ್ಲಿ ಲಾಗ್‌ಲೈನ್ ತಿದ್ದುವವರೇ ಇರುವುದಿಲ್ಲ. ಲಾಗ್‌ಲೈನ್ ಓದಿಸಲು ಮೊದಲೇ ಹೆಸರು ಕೊಡಬೇಕು, ಜಾಗ ಬೇಗ ತುಂಬುತ್ತದೆ, ಹಾಗಾಗಿ ಸೇರಿದ ದಿನವೇ ಬರೆಸಿಬಿಡಿ.