ರಫ್ತಿಗೆ ಅಡ್ಡಿ ಬಂದಾಗ: ಡಬ್ಲ್ಯುಟಿಒ ಸಮಿತಿಯೋ, ವ್ಯಾಜ್ಯವೋ?

ಆಮದು ದೇಶ ಕೀಟನಾಶಕ ಶೇಷದ ಮಿತಿ ಬಿಗಿಗೊಳಿಸಿ ನಿಮ್ಮ ಕಾಳುಮೆಣಸು ತಡೆದರೆ ವಿಶ್ವ ವ್ಯಾಪಾರ ಸಂಘಟನೆಯಲ್ಲಿ (ಡಬ್ಲ್ಯುಟಿಒ) ಎರಡು ದಾರಿಗಳಿವೆ: ಸಮಿತಿಯಲ್ಲಿ ಆಕ್ಷೇಪ ಎತ್ತುವುದು, ಇಲ್ಲವೇ ವ್ಯಾಜ್ಯ ಹೂಡುವುದು. ಎರಡರಲ್ಲೂ ಸರ್ಕಾರವೇ ಹೋಗಬೇಕು, ಕಂಪನಿಗೆ ಪ್ರವೇಶವಿಲ್ಲ. ಹಾಗಾಗಿ ಮೊದಲ ಮನವಿ ವಾಣಿಜ್ಯ ಸಚಿವಾಲಯಕ್ಕೆ.

ಹೆಚ್ಚಿನ ರಫ್ತುದಾರರಿಗೆ ಎಸ್‌ಪಿಎಸ್ ಸಮಿತಿಯೇ (ಆಹಾರ ಸುರಕ್ಷತೆ, ಪ್ರಾಣಿ-ಸಸ್ಯ ಆರೋಗ್ಯದ ನಿಯಮಗಳನ್ನು ಚರ್ಚಿಸುವ ಡಬ್ಲ್ಯುಟಿಒ ಸಮಿತಿ) ಸರಿ. ಅದು ಸಾಮಾನ್ಯವಾಗಿ ವರ್ಷಕ್ಕೆ 3 ಬಾರಿ ಸೇರುತ್ತದೆ. ಕರಡು ನಿಯಮಕ್ಕೆ ಆಕ್ಷೇಪ ಸಲ್ಲಿಸಲು ಸಾಮಾನ್ಯವಾಗಿ 60 ದಿನ ಇರುತ್ತದೆ. ಈ ಗಡುವು ಗಮನಕ್ಕೇ ಬಾರದೆ ಕಳೆದುಹೋಗುವುದೇ ದೊಡ್ಡ ತೊಂದರೆ. ಇಂಥ ಕರಡು ನಿಯಮಗಳ ಸೂಚನೆ ಕೊಡುವ ಇಪಿಂಗ್ (ePing) ಜಾಲತಾಣದಲ್ಲಿ ಉಚಿತವಾಗಿ ನೋಂದಾಯಿಸಿಕೊಂಡರೆ ಮಾಹಿತಿ ಇಮೇಲಿಗೇ ಬರುತ್ತದೆ. ಮನವಿಯಲ್ಲಿ ಬರೀ ಅನ್ಯಾಯವಾಯಿತು ಎಂದರೆ ಸಾಲದು. ಎಚ್‌ಎಸ್ ಕೋಡ್ (ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ), ತಡೆದ ಸರಕಿನ ತೂಕ, ಲ್ಯಾಬ್ ವರದಿ, ಆ ಕೀಟನಾಶಕಕ್ಕೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಇದ್ದರೆ ಅದೂ ಬೇಕು. ಸಮಿತಿ ತೀರ್ಪು ಕೊಡುವುದಿಲ್ಲ, ಆದರೆ ಇತರ ದೇಶಗಳೂ ದನಿಗೂಡಿಸಿದರೆ ಒತ್ತಡ ಬೀಳುತ್ತದೆ.

ವ್ಯಾಜ್ಯದಲ್ಲಿ ಮೊದಲು 60 ದಿನ ಸಮಾಲೋಚನೆ, ಆಮೇಲೆ ತೀರ್ಪು ಕೊಡುವ ತಜ್ಞರ ಪ್ಯಾನೆಲ್; ವರ್ಷಗಳೇ ಹಿಡಿಯುತ್ತವೆ. 2019ರ ಡಿಸೆಂಬರ್‌ನಿಂದ ಮೇಲ್ಮನವಿ ಮಂಡಳಿಗೆ ಬೇಕಾದಷ್ಟು ಸದಸ್ಯರಿಲ್ಲ. ಸೋತವರು ಮೇಲ್ಮನವಿ ಹಾಕಿದರೆ ತೀರ್ಪು ಅಲ್ಲಿಗೇ ನಿಲ್ಲುತ್ತದೆ. ಕಬ್ಬು-ಸಕ್ಕರೆ ನೆರವಿನ ಪ್ರಕರಣದಲ್ಲಿ 2021ರಲ್ಲಿ ಸೋತ ಭಾರತವೂ ಇದನ್ನೇ ಮಾಡಿತು. ಗೆದ್ದರೂ ಹಿಂದಿನ ನಷ್ಟ ಸಾಮಾನ್ಯವಾಗಿ ಮರಳಿ ಸಿಗುವುದಿಲ್ಲ.