ಮಹಡಿಯ ಕಂಪ್ಯೂಟರ್, ಹಾಲ್‌ನ ಟಿವಿ: ಸನ್‌ಶೈನ್–ಮೂನ್‌ಲೈಟ್ ಜೋಡಿಯ ಬಳಕೆ

ಗೇಮ್ ಆಡುವ ಕಂಪ್ಯೂಟರ್ ಮಹಡಿಯ ಕೋಣೆಯಲ್ಲಿಯೂ ದೊಡ್ಡ ಟಿವಿ ಕೆಳಗಿನ ಹಾಲ್‌ನಲ್ಲಿಯೂ ಇರುವ ನಮ್ಮಂತಹ ಮನೆಗೆ ಸನ್‌ಶೈನ್ ಮತ್ತು ಮೂನ್‌ಲೈಟ್ ಎಂಬ ಮುಕ್ತ ತಂತ್ರಾಂಶಗಳ ಜೋಡಿ ಹೇಳಿ ಮಾಡಿಸಿದಂತಿದೆ. ಕಂಪ್ಯೂಟರ್‌ನಲ್ಲಿರುವ ಸನ್‌ಶೈನ್ ಪರದೆಯ ಚಿತ್ರವನ್ನು ಗ್ರಾಫಿಕ್ಸ್ ಕಾರ್ಡಿನ ನೆರವಿನಿಂದ ವಿಡಿಯೊ ಮಾಡಿ ಕಳುಹಿಸುತ್ತದೆ. ಟಿವಿಯಲ್ಲೋ ಫೋನ್‌ನಲ್ಲೋ ಇರುವ ಮೂನ್‌ಲೈಟ್ ಅದನ್ನು ತೋರಿಸುತ್ತ, ನಾವು ಒತ್ತಿದ ಗುಂಡಿಗಳ ಸುದ್ದಿಯನ್ನು ಹಿಂದಕ್ಕೆ ಮುಟ್ಟಿಸುತ್ತದೆ. ಮೂನ್‌ಲೈಟ್ ಮೊದಲು, ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಎನ್ವಿಡಿಯಾ ಕಂಪನಿಯ ಗೇಮ್‌ಸ್ಟ್ರೀಮ್ ಎಂಬ, ಆಟವನ್ನು ಬೇರೆ ಪರದೆಗೆ ಕಳುಹಿಸುವ ಸೌಲಭ್ಯವನ್ನೇ ನೆಚ್ಚಿಕೊಂಡಿತ್ತು. 2023ರಲ್ಲಿ ಕಂಪನಿ ಅದನ್ನು ಕೈಬಿಟ್ಟಾಗ, ಅದೇ ಪ್ರೋಟೊಕಾಲ್ (ಸಂವಹನದ ನಿಯಮಾವಳಿ) ಬಲ್ಲ ಸನ್‌ಶೈನ್ ಆ ಜಾಗವನ್ನು ತುಂಬಿತು. ಇದು ಎಎಂಡಿ ಮತ್ತು ಇಂಟೆಲ್ ಕಾರ್ಡುಗಳಲ್ಲಿಯೂ ಓಡುತ್ತದೆ.

ಸನ್‌ಶೈನ್‌ನ ಸೆಟ್ಟಿಂಗ್‌ಗಳೆಲ್ಲ ಬ್ರೌಸರ್‌ನಲ್ಲಿ 47990ನೇ ಪೋರ್ಟಿನ (ಕಂಪ್ಯೂಟರಿನ ವಿಳಾಸದ ಜೊತೆ ಬರೆಯುವ ಬಾಗಿಲಿನ ಸಂಖ್ಯೆ) ಪುಟದಲ್ಲಿವೆ. ಅದನ್ನು ತೆರೆದೊಡನೆ ಬ್ರೌಸರ್ ಸುರಕ್ಷತೆಯ ಎಚ್ಚರಿಕೆ ನೀಡುತ್ತದೆ. ಪುಟದ ಗುರುತನ್ನು ಖಾತ್ರಿಪಡಿಸುವ ಪ್ರಮಾಣಪತ್ರವನ್ನು ತಂತ್ರಾಂಶವೇ ಸೃಷ್ಟಿಸಿಕೊಂಡಿರುವುದು ಇದಕ್ಕೆ ಕಾರಣವಾದರೂ, ಹೊಸಬರು ಇಲ್ಲಿಯೇ ಹೆದರಿ ಹಿಂದೆ ಸರಿಯಬಹುದು. ಟಿವಿ ತೋರಿಸುವ ನಾಲ್ಕಂಕಿಯ ಪಿನ್ ಅನ್ನು ಈ ಪುಟದಲ್ಲಿ ತುಂಬಿದರೆ ಜೋಡಣೆ ಮುಗಿಯಿತು.

ಮೊದಲ ಸಂಜೆ ಮಾತ್ರ ನಿರಾಸೆಯಾಯಿತು. ಕ್ರಿಕೆಟ್ ಗೇಮ್ ಆಡುತ್ತಿದ್ದಾಗ ಅಡುಗೆಮನೆಯಲ್ಲಿ ಮೈಕ್ರೊವೇವ್ ಓವನ್ ಹಚ್ಚಿದರು. ಬೌಲರ್ ಎಸೆದ ಚೆಂಡು ಪಿಚ್ಚಿನ ನಡುವೆಯೇ ನಿಂತು, ಚಿತ್ರ ಮತ್ತೆ ಚಲಿಸುವಷ್ಟರಲ್ಲಿ ನನ್ನ ಸ್ಟಂಪ್ ಉರುಳಿತ್ತು. ಟಿವಿಯೂ ಕಂಪ್ಯೂಟರೂ 2.4 ಗಿಗಾಹರ್ಟ್ಸ್ ವೈಫೈನಲ್ಲಿದ್ದವು, ಓವನ್ನಿನ ಅಲೆಗಳೂ ಅದೇ ತರಂಗಪಟ್ಟಿಯವು. ಕಂಪ್ಯೂಟರಿಗೆ ರೂಟರ್‌ನಿಂದ ನೇರವಾಗಿ ಕೇಬಲ್ ಎಳೆದು, ಟಿವಿಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದ ಮೇಲೆ ಆ ತೊಡಕು ಮರುಕಳಿಸಿಲ್ಲ. ಮೂನ್‌ಲೈಟ್ ಪರದೆಯ ಮೂಲೆಯಲ್ಲಿ ತೋರಿಸುವ ಅಂಕಿಗಳನ್ನು ನೋಡಿದಾಗ, ಉಳಿದ ವಿಳಂಬದಲ್ಲಿ ದೊಡ್ಡ ಪಾಲು ನೆಟ್‌ವರ್ಕಿನದಲ್ಲ, ಬಂದ ವಿಡಿಯೊವನ್ನು ಮತ್ತೆ ಚಿತ್ರವಾಗಿಸಲು ನಮ್ಮ ಹಳೆಯ ಟಿವಿ ತೆಗೆದುಕೊಳ್ಳುವ ಸಮಯದ್ದು ಎಂದು ತಿಳಿಯಿತು. ಅದೇ ಆಟ ಲ್ಯಾಪ್‌ಟಾಪ್‌ನಲ್ಲಿ ಇನ್ನಷ್ಟು ಚುರುಕಾಗಿದೆ. ಸ್ಪರ್ಧೆಯ ಶೂಟಿಂಗ್ ಆಟಗಳಿಗೆ ನಾನು ಈಗಲೂ ಮಹಡಿ ಹತ್ತುತ್ತೇನೆ.

ಮಾನಿಟರ್ ಇಲ್ಲದ ಕಂಪ್ಯೂಟರಿನಿಂದ ಚಿತ್ರ ಬಾರದಿರಬಹುದು. ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಮಾನಿಟರ್ ಇದೆಯೆಂದು ಕಂಪ್ಯೂಟರನ್ನು ನಂಬಿಸುವ ಪುಟ್ಟ ಡಮ್ಮಿ ಪ್ಲಗ್ ಅದಕ್ಕೆ ಅಗ್ಗದ ಪರಿಹಾರ. ಮನೆಯಾಚೆ ಬಳಸುವವರು ರೂಟರ್‌ನ ಪೋರ್ಟುಗಳನ್ನು ತೆರೆದಿಡುವುದಕ್ಕಿಂತ ವಿಪಿಎನ್ (ಮನೆಯ ನೆಟ್‌ವರ್ಕಿಗೆ ಗೂಢಲಿಪಿಯ ಖಾಸಗಿ ದಾರಿ) ಮೂಲಕ ಬರುವುದು ಕ್ಷೇಮ. ಆದರೆ 1080 ಪಿಕ್ಸೆಲ್, ಸೆಕೆಂಡಿಗೆ 60 ಚೌಕಟ್ಟುಗಳಿಗೆ ಮೂನ್‌ಲೈಟ್ ತಾನಾಗಿ ಆರಿಸುವ ಬಿಟ್‌ರೇಟ್ (ದತ್ತಾಂಶ ಹರಿಯುವ ವೇಗ) ಸೆಕೆಂಡಿಗೆ ಸುಮಾರು 20 ಮೆಗಾಬಿಟ್; ಗಂಟೆಗೆ 9 ಜಿಬಿ ಆಯಿತು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್ ಕಾಲು ಗಂಟೆಯೂ ಬಾಳುವುದಿಲ್ಲ.